ಅಮ್ಮ ಕಟ್ಟಿದ ಬದಿ

ಆಗೆಲ್ಲ ಬೇಸಿಗೆ ಬಂತೆಂದರೆ ನಮ್ಮ ಕಡೆ ಊರಿಗೆ ಊರೇ ಕೆಂಪಾಗುತ್ತಿತ್ತು. ಉಪ್ಪಳದಿಂದ ಮೊಗ್ರಾಲಿನ ತನಕ ಹೆದ್ದಾರಿಯ ಎರಡೂ ಬದಿಯಲ್ಲಿ ಗಲ್ಫಿನ ದುಡಿಮೆಯ ಮನೆಗಳು ಏಳುತ್ತಿದ್ದ ಕಾಲ ಅದು. ಗುಡ್ಡೆಯ ಮೇಲಿನ ಕೋರೆಗಳಿಂದ ಕೆಂಪುಕಲ್ಲು ಹೇರಿಕೊಂಡ ಲಾರಿಗಳು ಬೆಳಗಿನಿಂದ ಸಂಜೆಯ ತನಕ ಇಳಿಯುತ್ತಲೇ ಇರುತ್ತಿದ್ದವು. ಆ ಧೂಳು ಗೇರುಮರದ ಎಲೆಯ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ, ನಕ್ಕರೆ ನಮ್ಮ ಹಲ್ಲಿನ ಮೇಲೂ ಕೂರುತ್ತಿತ್ತು. ಆಗಷ್ಟೇ ಕಡಿದು ತಂದ ಕೆಂಪುಕಲ್ಲಿಗೆ ಮೂಗು ಹಿಡಿದರೆ ಬಾವಿಯೊಳಗೆ ಬಗ್ಗಿ ನೋಡಿದಾಗಿನ ತಂಪು ವಾಸನೆ ಬರುತ್ತಿತ್ತು. ಕಲ್ಲು ಕಟ್ಟುವವರ ಮನೆಯಲ್ಲಿ ಹುಟ್ಟಿದವರಿಗೆ ಅದು ಅಮ್ಮನ ಸೀರೆಯ ವಾಸನೆ ಕೂಡ.

ನನ್ನ ಅಪ್ಪ ಐತಪ್ಪ ಮೇಸ್ತ್ರಿ ಕಟ್ಟುತ್ತಿದ್ದದ್ದು ಮನೆಯನ್ನಲ್ಲ, ಮನೆಯ ಸುತ್ತಿನ ಕಂಪೌಂಡು ಗೋಡೆಯನ್ನು. ಮನೆ ಕಟ್ಟಲು ಟೀಮು ಬೇಕು, ಮೇಲೆ ಒಬ್ಬ ಕಂಟ್ರಾಕ್ಟರು ಬೇಕು. ಅಪ್ಪನಿಗೆ ಎರಡೂ ಆಗುತ್ತಿರಲಿಲ್ಲ. ಮದುವೆಗೆ ಮೊದಲು ಟೀಮುಗಳಲ್ಲಿ ದುಡಿದು, ಜಗಳ ಮಾಡಿಕೊಂಡು ಹೊರಗೆ ಬಂದವನು ಅವನು. “ಟೀಮಿನಲ್ಲಿ ಕಟ್ಟಿದರೆ ಸೊಟ್ಟ ಯಾರದ್ದು ಅಂತ ಗೊತ್ತಾಗುವುದಿಲ್ಲ. ನಾನು ಕಟ್ಟಿದ್ದು ಸೊಟ್ಟ ಆದರೆ ನನಗೇ ಬೈಯಿರಿ” ಎನ್ನುತ್ತಿದ್ದ. ಬೈಯುವ ಸಂದರ್ಭ ಯಾರಿಗೂ ಬರಲಿಲ್ಲ. ಅಪ್ಪನ ಗೋಡೆಯ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದರೆ ನೂಲು ಎಳೆದ ಹಾಗೆ ಇರುತ್ತಿತ್ತು. ಗೋಡೆ ಕಟ್ಟಿಸುವವರು ವಿಚಾರಿಸಿದರೆ ಚಾಯದಂಗಡಿಯಲ್ಲಿ ಹೇಳುತ್ತಿದ್ದದ್ದು ಒಂದೇ: “ಐತಪ್ಪನಾ? ಒಬ್ಬನೇ ಕಟ್ಟುವವ. ಕಣ್ಣು ಮುಚ್ಚಿ ಕೊಡಿ.”

ಈ ಒಬ್ಬನೇ ಎನ್ನುವವನ ಜೊತೆ ದಿನಾ ಅಮ್ಮ ಇರುತ್ತಿದ್ದಳು. ಹೊಯಿಗೆ ಎಂದರೆ ಮರಳು, ಅದನ್ನು ಜಾಲಿಸುವುದು ಅಮ್ಮ, ಸಿಮೆಂಟು ಕಲಸುವುದು ಅಮ್ಮ, ತಲೆಗೆ ಸಿಂಬೆ ಇಟ್ಟು ಕಲ್ಲು ಹೊತ್ತು ತರುವುದು ಅಮ್ಮ, ನೂಲಿನ ಆ ತುದಿ ಹಿಡಿದು ನಿಲ್ಲುವುದೂ ಅಮ್ಮನೇ. ಅಪ್ಪ ಹಿಂದೆ ತಿರುಗಿಯೂ ನೋಡದೆ ಕೈ ಚಾಚಿದರೆ ಅವನಿಗೆ ಬೇಕಾದ ಅಳತೆಯ ಕಲ್ಲು ಆ ಕೈಗೆ ಬರುತ್ತಿತ್ತು. ಇದನ್ನು ನೋಡುತ್ತಲೇ ಬೆಳೆದ ನಾನೂ ಶಾಲೆಯಲ್ಲಿ ಜಂಬದಿಂದ ಹೇಳುತ್ತಿದ್ದದ್ದು ಏನು ಗೊತ್ತೇ? “ನನ್ನ ಅಪ್ಪ ಒಬ್ಬರೇ ಗೋಡೆ ಕಟ್ಟುವುದು!”

ಏಳನೆಯ ಕ್ಲಾಸಿನ ಪರೀಕ್ಷೆ ಮುಗಿದ ಬೇಸಿಗೆ. ಮೊಗ್ರಾಲಿನಲ್ಲಿ ಹೆದ್ದಾರಿಗೆ ತಾಗಿದ ಹಮೀದ್ ಹಾಜಿಯವರ ಹೊಸ ಮನೆಗೆ ಅಪ್ಪ ಗೋಡೆಯ ಕೆಲಸ ಹಿಡಿದಿದ್ದ. ನಮ್ಮ ಮನೆ ಅಲ್ಲಿಂದ ಸ್ವಲ್ಪ ಒಳಗೆ, ಗುಡ್ಡೆಯ ಬದಿಯಲ್ಲಿ. ಮಧ್ಯಾಹ್ನದ ಗಂಜಿಯ ತೂಕುಪಾತ್ರೆ ಹಿಡಿದು ಹೋಗುವುದು ರಜೆಯಲ್ಲಿ ನನ್ನ ಕೆಲಸ. ಹೋದವಳು ಅಲ್ಲೇ ಹಾಜಿಯವರ ಮೊಮ್ಮಕ್ಕಳ ಜೊತೆ ಗೇರುಬೀಜದ ಆಟಕ್ಕೆ ಕೂರುತ್ತಿದ್ದೆ. ಬೀಜಗಳನ್ನು ಸಾಲಾಗಿ ನಿಲ್ಲಿಸಿ ದೂರದಿಂದ ದೊಡ್ಡದೊಂದು ಬೀಜ ಬೀಸಿ ಬೀಳಿಸಿದರೆ ಬಿದ್ದದ್ದೆಲ್ಲ ನಮ್ಮದು. ಗೆದ್ದದ್ದನ್ನು ಸುಟ್ಟು ತಿಂದು ತುಟಿ ಸುಲಿಸಿಕೊಳ್ಳುವುದೂ ಆಟದ ಒಂದು ಭಾಗವೇ.

ಹಾಗೆ ಆಡುತ್ತಿದ್ದ ಒಂದು ದಿನ ಹಾಜಿಯವರ ಮನೆಗೆ ನೆಂಟರು ಬಂದರು. ಮನೆಯ ಮುಂದಿನ ಸಿಟೌಟಿನಲ್ಲಿ ನಿಂತು ಹಾಜಿಯವರು ಗೋಡೆ ತೋರಿಸಿದರು. “ನೋಡಿ, ಇದು ಪೂರಾ ಒಬ್ಬನೇ ಕಟ್ಟುವುದು. ಒಬ್ಬನೇ! ಜನ ಬೇಡ, ಗಲಾಟೆ ಬೇಡ.”

ಅಪ್ಪ ಬೈರಾಸಿನಲ್ಲಿ ಮುಖ ಒರಸಿಕೊಂಡು ನಕ್ಕ. “ನನಗೆ ಒಬ್ಬನೇ ಆದರೇ ಸರಿ ಹಾಜಿ. ಅಭ್ಯಾಸ ಆಗಿ ಹೋಗಿದೆ.”

ಆಗ ಅಮ್ಮ ಅವನ ಹಿಂದೆಯೇ ನಿಂತಿದ್ದಳು. ತಲೆಯ ಮೇಲೆ ಕಲಸಿದ ಸಿಮೆಂಟಿನ ಬಾಂಡ್ಲಿ. ಅಪ್ಪ ಎಂದಿನಂತೆ ತಿರುಗಿ ನೋಡದೆ ಕೈ ಚಾಚಿದ. ಅಮ್ಮ ಬಾಂಡ್ಲಿ ಇಳಿಸಿ ಆ ಕೈಗೆ ಕೊಟ್ಟಳು.

ಅವಳು ಮಾತೆತ್ತಿದ್ದು ಸಂಜೆ, ಬಂಗುಡೆ ಸಾರು ಬಡಿಸಿ ಆದ ಮೇಲೆ. ನಮ್ಮ ಮನೆಮಾತು ತುಳು. ಇಲ್ಲಿ ಬರೆಯುವಾಗ ಊರಿನ ಕನ್ನಡಕ್ಕೆ ತಿರುಗಿಸಿಕೊಂಡಿದ್ದೇನೆ.

“ನಾಳೆಯಿಂದ ಮೂಸಾಕನ ಟೀಮಿಗೆ ಕೆಲಸಕ್ಕೆ ಹೋಗ್ತೇನೆ. ಅವರಿಗೆ ಜನ ಕಡಿಮೆ ಉಂಟಂತೆ.”

ಅಪ್ಪನ ಕೈ ಬಟ್ಟಲಲ್ಲೇ ನಿಂತಿತು. “ಎಂತಕ್ಕೆ? ಇಲ್ಲಿ ಕೆಲಸ ಇಲ್ವಾ?”

“ಇಲ್ಲಿ ನಾನೇ ಇಲ್ಲವಲ್ಲ. ನೀವು ಒಬ್ಬರೇ ಅಲ್ವಾ ಕಟ್ಟುವುದು?”

“ಹಾಜಿಯ ಮಾತು ಬಿಡು ಮಾರಾಯ್ತಿ.”

“ಹಾಜಿಯ ಮಾತು ಆಗಲೇ ಬಿಟ್ಟೆ. ನಿಮ್ಮದನ್ನು ಬಿಡುವುದು ಹೇಗೆ?”

ಅಪ್ಪ ಎದ್ದು ಕೈ ತೊಳೆದ. “ಹೋಗುವವರು ಹೋಗಲಿ. ನನಗೆ ಎಂತ ಆಗ್ತದೆ?” ಎಂದು ಅಂಗಳಕ್ಕೆ ಇಳಿದ. ಅಮ್ಮ ಅವನ ಬಟ್ಟಲಲ್ಲಿ ಉಳಿದ ಮೀನನ್ನು ನನ್ನ ಅನ್ನಕ್ಕೆ ಹಾಕಿದಳು. ಅಪ್ಪ ಮೀನು ಬಿಟ್ಟು ಎದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮಾರನೆಯ ದಿನದಿಂದ ಅಪ್ಪ ನಿಜಕ್ಕೂ ಒಬ್ಬನೇ ಆದ.

ಗಂಜಿ ತೆಗೆದುಕೊಂಡು ಹೋದಾಗ ನಾನು ಆಟಕ್ಕೆ ಕೂರದೆ ಅವನನ್ನೇ ನೋಡಿದೆ. ಮಟ್ಟ ನೋಡಲು ಅವನ ಹತ್ತಿರ ನೀರು ತುಂಬಿದ ಉದ್ದದ ಪೈಪು ಇತ್ತು. ಎರಡು ತುದಿಗೆ ಇಬ್ಬರು ನಿಂತು, ಎರಡೂ ಕಡೆ ನೀರು ಎಲ್ಲಿ ನಿಂತಿತು ಎಂದು ಗುರುತು ಹಾಕುವುದು ಕ್ರಮ. ಅಪ್ಪ ಒಂದು ತುದಿಯನ್ನು ಕೋಲಿಗೆ ಕಟ್ಟಿ ಇನ್ನೊಂದು ತುದಿಗೆ ಓಡುತ್ತಿದ್ದ. ಅಲ್ಲಿ ಸರಿ ಮಾಡುವಾಗ ಇಲ್ಲಿ ಪೈಪು ಜಾರಿ ನೀರು ಚೆಲ್ಲುತ್ತಿತ್ತು. ಪುನಃ ನೀರು ತುಂಬಿಸುವುದು, ಪುನಃ ಓಡುವುದು. ಸಿಮೆಂಟು ಕಲಸಿ ಹತ್ತಿ ಬರುವಾಗ ಕಲ್ಲು ಕೆಳಗೆ. ಕಲ್ಲು ತರುವಾಗ ಸಿಮೆಂಟು ಬಿಗಿ. ನಡುವೆ ಒಮ್ಮೆ, ಗೋಡೆಯ ಮೇಲೆ ಬಗ್ಗಿದ್ದವನು ಮುಖ ಎತ್ತದೆ ಹಿಂದಕ್ಕೆ ಕೈ ಚಾಚಿದ. ಆ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೇ ಕಾಯಿತು. ಆಮೇಲೆ ಅದೇ ಕೈಯಿಂದ ಕುತ್ತಿಗೆ ತುರಿಸಿಕೊಂಡು ಕೆಳಗಿಳಿದ.

“ನಾನು ಪೈಪು ಹಿಡೀಲಾ ಅಪ್ಪಾ?”

“ಬೇಡ. ಸೊಟ್ಟ ಉಂಟಾ ನೋಡು.”

ಒಂದು ಕಣ್ಣು ಮುಚ್ಚಿ ನೋಡಿದೆ. “ಇಲ್ಲ.”

“ಮತ್ತೆ?” ಎಂದ ಅಪ್ಪ, ಗೆದ್ದವನ ಹಾಗೆ. ಗೋಡೆ ಸೊಟ್ಟ ಇರಲಿಲ್ಲ, ಅದು ಸತ್ಯ. ಆದರೆ ಬೆಳೆಯುತ್ತಲೂ ಇರಲಿಲ್ಲ.

ಮೂಸಾಕನ ಟೀಮು ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಕಡಲಿನ ಬದಿಗೆ, ಮಹಡಿಮನೆ ಕಟ್ಟುತ್ತಿತ್ತು. ಮೂಸಾಕ ಎಂದರೆ ಮೂಸ ಮೇಸ್ತ್ರಿ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಸ್ವರ. ಅವರ ಟೀಮಿನಲ್ಲಿ ಗಂಡಸರಷ್ಟೇ ಹೆಂಗಸರೂ ಇದ್ದರು. ಅಲ್ಲಿ ಒಂದು ಗಳಿಗೆ ಮೌನ ಎನ್ನುವುದಿಲ್ಲ. ಮರದ ಗೂಟಕ್ಕೆ ನೇತುಹಾಕಿದ ರೇಡಿಯೋದಲ್ಲಿ ಮಲಯಾಳ ಹಾಡು, ಅದರ ಮೇಲೆ ತುಳುವಿನಲ್ಲಿ ತಮಾಷೆ, ಬ್ಯಾರಿಯಲ್ಲಿ ಬೈಗುಳ. ಕೆಳಗಿನಿಂದ ಮಹಡಿಯ ತನಕ ಏಣಿಯ ಮೇಲೆ ಸಾಲಾಗಿ ನಿಂತು ಕಲ್ಲನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಕೆಳಗಿನವರು “ಓ ಬಂತು!” ಎಂದರೆ ಮೇಲಿನವರು “ಓ ಕೊಡು!” ಎನ್ನಬೇಕು. ಹಾಗೆ ಹೇಳದೆ ಯಾರೂ ಕಲ್ಲು ಬಿಡುವ ಹಾಗಿಲ್ಲ. ಆ ಕೂಗು ನಿಂತರೆ ಕೈ ತಪ್ಪುತ್ತದೆ ಎಂದು ಮೂಸಾಕ ಹೇಳುತ್ತಿದ್ದರು.

ಆ ಸಾಲಿನ ನಡುವೆ ಅಮ್ಮ. ಮೊದಲ ದಿನ ಅವಳ “ಓ ಕೊಡು” ಯಾರಿಗೂ ಕೇಳಿಸಲಿಲ್ಲವಂತೆ. ನಾನು ಹೋಗುವ ಹೊತ್ತಿಗೆ ಎಲ್ಲರಿಗಿಂತ ಗಟ್ಟಿ ಸ್ವರ ಅವಳದ್ದೇ. ಪಕ್ಕದಲ್ಲಿ ನಿಲ್ಲುತ್ತಿದ್ದ ಲೀಲಕ್ಕ ಏನೋ ಹೇಳಿದರೆ ಅಮ್ಮ ಬಾಯಿ ತೆರೆದು ನಗುತ್ತಿದ್ದಳು. ಅಮ್ಮನ ದವಡೆಯಲ್ಲಿ ಒಂದು ಹಲ್ಲಿಲ್ಲ ಎಂದು ನನಗೆ ಗೊತ್ತಾದದ್ದೇ ಆಗ. ಹತ್ತು ಗಂಟೆಯ ಚಾಯಕ್ಕೆ ಪರೋಟ ಬರುತ್ತಿತ್ತು, ಎಲ್ಲರೂ ಒಂದೇ ಕಾಗದದ ಸುತ್ತ ಕೂತು ಹರಿದು ತಿನ್ನುತ್ತಿದ್ದರು. ನನಗೆ ಅಲ್ಲಿಯೇ ಇರಬೇಕು ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ ಕೂಡಲೇ ಅಪ್ಪನ ನೆನಪಾಗಿ ಕೈಯಲ್ಲಿದ್ದ ಪರೋಟವನ್ನು ಕಾಗದದ ಮೇಲೆ ಇಟ್ಟುಬಿಡುತ್ತಿದ್ದೆ.

ಒಂದು ಬೆಳಿಗ್ಗೆ ಕಲ್ಲು ಕಟ್ಟುವವರಲ್ಲಿ ಒಬ್ಬ ಬರಲಿಲ್ಲ. ಮೂಸಾಕ ಸೊಂಟಕ್ಕೆ ಕೈ ಇಟ್ಟು ಶಪಿಸುತ್ತಿದ್ದಾಗ ಅಮ್ಮ, “ನಾನು ಇಡ್ಲಾ?” ಎಂದಳು. ಮೂಸಾಕ ಅವಳನ್ನು ಒಮ್ಮೆ ನೋಡಿ ಕರಣೆ ಕೊಟ್ಟರು. ಅಮ್ಮ ನೂಲು ಕಟ್ಟಿದಳು, ಕಲ್ಲನ್ನು ಕೊಡಲಿಯಿಂದ ನಾಲ್ಕು ಕಡೆ ಸವರಿ ಇಟ್ಟಳು, ಕರಣೆಯ ಹಿಡಿಯಿಂದ ಕುಟ್ಟಿ ಕೂರಿಸಿದಳು. ಸಾಲು ಮುಗಿದಾಗ ಮೂಸಾಕ ತೂಗುಗುಂಡು ಬಿಟ್ಟು ನೋಡಿದರು.

“ಯಾರು ಕಲಿಸಿದ್ದು ಕಮಲಕ್ಕ?”

“ಐತಪ್ಪ ಮೇಸ್ತ್ರಿಯ ಜೊತೆ ಇಷ್ಟು ವರ್ಷ ನಾನು ಬರೀ ಗಂಜಿ ಕುಡಿಯಲಿಕ್ಕಾ ನಿಂತದ್ದು?”

ಎಲ್ಲರೂ ಹೋ ಎಂದು ನಕ್ಕರು. ಅಂದಿನಿಂದ ಮೂಸಾಕ ಅವಳನ್ನು ಏಣಿಯ ಸಾಲಿಗೆ ಕಳಿಸಲಿಲ್ಲ. ಅಮ್ಮ ಮೇಲೆ ಕಟ್ಟಿದಳು.

ಮನೆಯಲ್ಲಿ ಮಾತ್ರ ರೇಡಿಯೋ ಇಲ್ಲ, ಮಾತಿಲ್ಲ. ಅವರಿಬ್ಬರ ನಡುವಿನ ಸಂದೇಶಗಳನ್ನೆಲ್ಲ ಹೊರುವವಳು ನಾನು. “ನಿನ್ನ ಅಪ್ಪನಿಗೆ ಹೇಳು, ಬಿಸಿನೀರು ಆಗಿದೆ.” “ನಿನ್ನ ಅಮ್ಮನಿಗೆ ಹೇಳು, ಬೇಡ.” ಇಬ್ಬರೂ ಒಂದೇ ಚಾವಡಿಯಲ್ಲಿ ಕೂತಿರುತ್ತಿದ್ದರು. ಅಮ್ಮ ತಾನು ಕಲ್ಲು ಇಟ್ಟದ್ದನ್ನು ಅಪ್ಪನಿಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರೆ ಅವನು ಇನ್ನಷ್ಟು ಒಬ್ಬನೇ ಆಗುತ್ತಾನೆ ಎಂದು ಹೆದರಿಕೆ.

ರಜೆ ಮುಗಿಯುತ್ತಾ ಬಂದಿತ್ತು. ಅಂದು ಮಧ್ಯಾಹ್ನ ನಾನು ಮಹಡಿಯ ಮೇಲೆ ಅಮ್ಮನ ಹತ್ತಿರ ಇದ್ದೆ. ಕಡಲಿನ ಕಡೆಯಿಂದ ಆಕಾಶ ಸುಟ್ಟ ಹಂಚಿನ ಬಣ್ಣಕ್ಕೆ ತಿರುಗಿತು. ಮೂಸಾಕ ಕೂಗಿ ಸಿಮೆಂಟು ಚೀಲಗಳನ್ನು ಒಳಗೆ ಹಾಕಿಸಿದರು. ಗಾಳಿ ಬೀಸಿ ತೆಂಗಿನ ಮಡಲುಗಳೆಲ್ಲ ಒಂದೇ ಕಡೆಗೆ ಬಾಚಿದಂತಾದವು. ಆಗ ಕಂಡಿತು ಹಾಜಿಯವರ ಗೋಡೆ. ಅದರ ಮೇಲಿನ ಸಾಲು ಆಗಷ್ಟೇ ಕಟ್ಟಿದ್ದು, ಸಿಮೆಂಟು ಹಸಿ. ಅಪ್ಪ ಅದರ ಮೇಲೆ ಟಾರ್ಪಾಲು ಹೊದಿಸಲು ನೋಡುತ್ತಿದ್ದ. ಈ ಮೂಲೆಗೆ ಕಲ್ಲು ಹೇರಿ ಆ ಮೂಲೆಗೆ ಓಡಿದರೆ ಈ ಮೂಲೆ ಹಾರುತ್ತಿತ್ತು. ಇಲ್ಲಿಗೆ ಬಂದರೆ ಅದು ಎದ್ದು ಅವನ ಮುಖಕ್ಕೇ ಸುತ್ತಿಕೊಳ್ಳುತ್ತಿತ್ತು. ಟೀಮಿನಲ್ಲಿ ಯಾರೋ ನಕ್ಕರು. ಅಷ್ಟು ದೂರದಿಂದ ನೋಡಿದರೆ ನಗು ಬರುವಂಥದ್ದೇ. ನನ್ನ ಕಣ್ಣಲ್ಲಿ ನೀರು ಬಂತು.

ಅಮ್ಮ ನಗಲಿಲ್ಲ. ಕರಣೆಯನ್ನು ಸೊಂಟಕ್ಕೆ ಸಿಕ್ಕಿಸಿ ಏಣಿಯಲ್ಲಿ ಇಳಿಯತೊಡಗಿದಳು.

“ಎಲ್ಲಿಗೆ ಕಮಲಕ್ಕ?” ಎಂದರು ಮೂಸಾಕ.

“ಅಲ್ಲಿ ಗೋಡೆ ಹಸಿ ಉಂಟು.”

“ನೀವು ಒಬ್ಬರೇ ಹೋಗಿ ಎಂತ ಮಾಡ್ತೀರಿ? ನಿಲ್ಲಿ.” ಆಮೇಲೆ ಟೀಮಿನ ಕಡೆಗೆ ತಿರುಗಿ, “ಎಂತ ನೋಡ್ತಾ ನಿಂತದ್ದು? ನಡೀರಿ!”

ನಾವು ಓಡಿ ತಲುಪುವಾಗ ಮಳೆ ಬಿದ್ದೇ ಬಿಟ್ಟಿತು. ಟಾರ್ಪಾಲಿಗಿಂತ ದೊಡ್ಡ ಆಪತ್ತು ಕೆಳಗಿತ್ತು. ಹೆದ್ದಾರಿಗಿಂತ ಹಾಜಿಯವರ ಜಾಗ ತಗ್ಗು. ರಸ್ತೆಯ ನೀರೆಲ್ಲ ಗೋಡೆಯ ಬುಡಕ್ಕೆ ನುಗ್ಗಿ, ಇನ್ನೂ ಮಣ್ಣು ಮುಚ್ಚದ ತಳಪಾಯದ ಪಂಚಾಂಗವನ್ನು ಕೊರೆಯುತ್ತಿತ್ತು. ಬುಡ ಸಡಿಲವಾದರೆ ಬೇಸಿಗೆಯ ಪೂರಾ ಕೆಲಸ ರಸ್ತೆಗೆ ಬೀಳುತ್ತದೆ. ಅಪ್ಪ ನಮ್ಮನ್ನೆಲ್ಲ ನೋಡಿದ. ಒಂದು ಗಳಿಗೆ ಬೇಡ ಎನ್ನುತ್ತಾನೋ ಎಂದು ನನಗೆ ಭಯವಾಯಿತು. “ಗೋಡೆ ನಿನ್ನದು ಐತಪ್ಪ. ಎಲ್ಲಿ ಹಿಡಿಯಬೇಕು ಹೇಳು” ಎಂದರು ಮೂಸಾಕ.

ಅಷ್ಟೇ ಸಾಕಾಯಿತು. ಅಪ್ಪನಿಗೆ ಅಷ್ಟು ದೊಡ್ಡ ಸ್ವರ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ಜನ ಟಾರ್ಪಾಲಿಗೆ, ಇಬ್ಬರು ರಸ್ತೆಯ ಬದಿಯಲ್ಲಿ ನೀರು ತಿರುಗಿಸಲು ಕಣಿ ತೋಡಲಿಕ್ಕೆ, ಉಳಿದವರು ಬುಡಕ್ಕೆ ಕಲ್ಲು ಹಾಕಲಿಕ್ಕೆ. ಲಾರಿ ಇಳಿಸಿದ ರಾಶಿಯಿಂದ ಗೋಡೆಯ ತನಕ ಒಂದು ಸಾಲು ತಾನಾಗಿ ನಿಂತಿತು. “ಓ ಬಂತು!” “ಓ ಕೊಡು!” ಮಳೆಯ ಹೊಡೆತದಲ್ಲಿ ಮುಖ ಕಾಣುತ್ತಿರಲಿಲ್ಲ, ಕೂಗು ಮಾತ್ರ. ಸಾಲಿನ ಕೊನೆಯಲ್ಲಿ ಅಮ್ಮ ಕೆಂಪು ನೀರಿನಲ್ಲಿ ಮೊಣಕಾಲೂರಿ, ಬಂದ ಕಲ್ಲನ್ನು ಕೆಳಗೆ ಒತ್ತಿ ಕೂರಿಸುತ್ತಿದ್ದಳು. ಅವಳ ಹಿಂದಿನವನು ಅಪ್ಪ. “ಕೊಡು” ಎಂದು ಅವಳು ಕೈ ಚಾಚಿದಾಗ ಕಲ್ಲು ಕೊಟ್ಟದ್ದು ಅವನು.

ಮಳೆ ಬಿಟ್ಟಾಗ ಗೋಡೆ ನಿಂತಿತ್ತು. ಒಂದು ತುದಿಯಲ್ಲಿ ಮೇಲಿನ ಸಾಲು ಸ್ವಲ್ಪ ಕದಲಿತ್ತು, ಅಷ್ಟೇ. ಹಾಜಿಯವರು ಮದುವೆಗೆಂದು ಊರಿಂದ ಹೊರಗಿದ್ದರು. ಅವರ ಹೆಂಡತಿ ಎಲ್ಲರಿಗೂ ಸಿಟೌಟಿನಲ್ಲಿ ಹಾಲಿಲ್ಲದ ಬಿಸಿ ಕಟ್ಟನ್‌ಚಾಯ ಕೊಟ್ಟರು. ನೆನೆದ ಮೈಯಲ್ಲಿ ಹಬೆ ಏಳುತ್ತಿತ್ತು. ಎಲ್ಲರೂ ಇಲ್ಲಿ ಇದ್ದಾಗ ಅಲ್ಲಿ ಮೂಸಾಕನ ಹೊಯಿಗೆ ರಾಶಿ ತೋಡಿಗೆ ಹರಿದು ಹೋಗಿತ್ತು. ಅವರು ಅದರ ಸುದ್ದಿಯನ್ನೇ ಎತ್ತಲಿಲ್ಲ.

“ನಮ್ಮ ಜೊತೆ ಬಾ ಐತಪ್ಪ,” ಎಂದರು. “ಗಂಡ ಹೆಂಡತಿ ಇಬ್ಬರೂ ಬನ್ನಿ.”

ಅಪ್ಪ ಲೋಟ ಕೆಳಗಿಟ್ಟ. “ಇಲ್ಲ ಮೂಸಾಕ. ನಿಮ್ಮ ಉಪಕಾರ ಮರೆಯುವುದಿಲ್ಲ. ಆದರೆ ನಿಮ್ಮ ರೇಡಿಯೋ ನನಗೆ ಆಗುವುದಿಲ್ಲ.”

ಎಲ್ಲರೂ ನಕ್ಕರು, ಹೇಳಿದ ಅಪ್ಪನೂ. ಅಮ್ಮನೂ ನಕ್ಕಳು. ಆ ಬೇಸಿಗೆಯಲ್ಲಿ ಅವರಿಬ್ಬರೂ ಒಂದೇ ಮಾತಿಗೆ ನಕ್ಕದ್ದು ಅದೇ ಮೊದಲು.

ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಮುಂದೆ, ನಾವು ಹಿಂದೆ. ತೋಡಿನಲ್ಲಿ ಕಪ್ಪೆಗಳು ಕೂಗತೊಡಗಿದ್ದವು. ಅಪ್ಪ ತಿರುಗದೆ ಕೇಳಿದ, “ನಾಳೆ ಬರ್ತೀಯಾ?”

“ಕಲ್ಲು ಹೊರಲಿಕ್ಕೆ ಬರುವುದಿಲ್ಲ.”

“ಮತ್ತೆ?”

“ಆ ಬದಿಯಿಂದ ನಾನು ಕಟ್ಟಿಕೊಂಡು ಬರ್ತೇನೆ. ಈ ಬದಿಯಿಂದ ನೀವು ಬನ್ನಿ. ಅವರವರ ಕಲ್ಲು ಅವರವರೇ ಎತ್ತಿಕೊಳ್ಳುವ.”

ಅಪ್ಪ ನಿಂತ. ಈಗ ತಿರುಗಿ ಅವಳನ್ನು ನೋಡಿದ, ಮುಖವನ್ನಲ್ಲ, ಸೊಂಟವನ್ನು. ಅಲ್ಲಿ ಮಣ್ಣು ಮೆತ್ತಿದ ಕರಣೆ ಇನ್ನೂ ಸಿಕ್ಕಿಸಿಕೊಂಡೇ ಇತ್ತು.

“ಅದು ಯಾರದ್ದು?”

“ಮೂಸಾಕ ಕೊಟ್ಟದ್ದು. ಅಲ್ಲಿ ನಾನು ಕಟ್ಟುವುದು.”

ಅಪ್ಪ ಪುನಃ ನಡೆಯತೊಡಗಿದ. ಗುಡ್ಡೆ ಹತ್ತಿ ಮನೆಯ ಬೆಳಕು ಕಾಣುವಾಗ, “ಆ ಕರಣೆಯ ಹಿಡಿ ಸಣ್ಣ ಆಯಿತು. ನನ್ನ ಹಳೇದು ಉಂಟು, ಅದನ್ನು ತೆಗೆದುಕೋ” ಎಂದ.

ಮೂಸಾಕ ರಜೆ ಕೊಟ್ಟರು. ಮಳೆಗಾಲ ಕಾಲಿಡುವ ಮೊದಲಿನ ಆ ಬಿಸಿಲಿನ ದಿನಗಳಲ್ಲಿ ಇಬ್ಬರೂ ಎರಡು ತುದಿಯಿಂದ ಕಟ್ಟುತ್ತಾ ಬಂದರು. ಪೈಪಿನ ಎರಡು ತುದಿಗೆ ಇಬ್ಬರು. ಮೊದಲ ದಿನ ಅಪ್ಪ ಬಂದು ಅಮ್ಮನ ಸಾಲಿಗೆ ತೂಗುಗುಂಡು ಬಿಟ್ಟು, “ಇದೊಂದು ತೆಗಿ” ಎಂದ. ಅಮ್ಮ ತೆಗೆದು ಪುನಃ ಇಟ್ಟಳು. ಆಮೇಲೆ ಅದೇ ಗುಂಡು ಹಿಡಿದು ಅವನ ಬದಿಗೆ ಹೋಗಿ ಉದ್ದಕ್ಕೂ ನೋಡಿ, “ಇದನ್ನು ನೀವು ತೆಗೆಯಿರಿ” ಎಂದಳು. ಅಪ್ಪ ಬಗ್ಗಿ ನೋಡಿದ, ಗುಂಡೇ ಸರಿ ಇಲ್ಲ ಎಂದ, ನೂಲು ಒದ್ದೆ ಎಂದ, ಕೊನೆಗೆ ತೆಗೆದ. ಗೇರುಬೀಜದ ಆಟವನ್ನೆಲ್ಲ ಮರೆತು ನಾವು ಮಕ್ಕಳು ಈ ಆಟ ನೋಡುತ್ತಿದ್ದೆವು.

ಎರಡು ಬದಿಯೂ ಸೇರಿದ್ದು ಒಂದು ತೆಂಗಿನ ಮರದ ನೇರಕ್ಕೆ. ಹಾಜಿಯವರು ಮದುವೆ ಮುಗಿಸಿ ಬಂದವರು ಗೋಡೆಗೆ ಸುತ್ತು ಹಾಕಿದರು. “ಆ ಮಳೆಯಲ್ಲಿ ಉಳಿಸಿ, ಒಬ್ಬನೇ ಇದನ್ನೂ ಮುಗಿಸಿದೆಯಲ್ಲ ಐತಪ್ಪ!”

“ಒಬ್ಬನೇ ಅಲ್ಲ ಹಾಜಿ. ಮಳೆಗೆ ಮೂಸಾಕನವರು ಬಂದರು. ಮತ್ತೆ, ಆ ತೆಂಗಿನಿಂದ ಆಚೆ ಕಮಲ ಕಟ್ಟಿದ್ದು. ಆ ಬದಿಗೆ ಎಂತಾದರೂ ಆದರೆ ನನ್ನ ಹತ್ರ ಬರಬೇಡಿ, ಅವಳಿಗೇ ಬೈಯಿರಿ.”

ಹಾಜಿಯವರು ಅಮ್ಮನ ಕಡೆ ತಿರುಗಿದರು. ಅಷ್ಟು ದಿನ ಅವರ ಅಂಗಳದಲ್ಲಿ ದುಡಿದವಳನ್ನು ಅವರು ನೆಟ್ಟಗೆ ನೋಡಿದ್ದು ಆವತ್ತೇ ಇರಬೇಕು. “ಹೌದಾ ಕಮಲಕ್ಕ?”

“ಹೌದು,” ಎಂದಳು ಅಮ್ಮ. “ಧೈರ್ಯದಲ್ಲಿ ಬೈಯಬಹುದು.”

ಅಮ್ಮ ಆಮೇಲೆ ಕಮಲ ಮೇಸ್ತ್ರಿಯಾದಳು. ದೊಡ್ಡ ಕೆಲಸವಾದರೆ ಮೂಸಾಕನ ಟೀಮು, ಗೋಡೆಯಾದರೆ ಅಪ್ಪನ ಜೊತೆ ಇನ್ನೊಂದು ತುದಿ. ಅಪ್ಪ ಟೀಮಿಗೆ ಸೇರಲೇ ಇಲ್ಲ. ಬಾವಿಕಟ್ಟೆ, ಮೆಟ್ಟಿಲು, ತುಳಸಿಕಟ್ಟೆ ಇಂಥ ಸಣ್ಣ ಕೆಲಸಗಳಿಗೆ ನಿಜಕ್ಕೂ ಒಬ್ಬನೇ ಹೋಗುತ್ತಿದ್ದ, ತಾನೇ ಕಲಸಿ ತಾನೇ ಹೊತ್ತು. ಅಂಥ ದಿನ ಸಂಜೆ ಮನೆಗೆ ಬರುವಾಗ ಅವನ ಮುಖ ತೊಳೆದ ಹಾಗೆ ಇರುತ್ತಿತ್ತು. ಒಬ್ಬನೇ ಮಾಡುವುದರಲ್ಲಿ ಒಂದು ಸುಖ ಇದೆ ಎಂದು ಅವನು ಹೇಳುತ್ತಿದ್ದದ್ದು ಸುಳ್ಳಲ್ಲ. ಆದರೆ ಯಾರಾದರೂ ಮಳೆಗೆ ಸಿಕ್ಕಿದರು ಎಂದು ಕೇಳಿದರೆ ಊಟದ ಬಟ್ಟಲಿನಿಂದ ಎದ್ದು ಓಡುತ್ತಿದ್ದ.

ಈಗ ನಾನೂ ಉಪ್ಪಳದ ಸುತ್ತ ಮನೆ ಕಟ್ಟಿಸುವ ಕೆಲಸವನ್ನೇ ಮಾಡುತ್ತೇನೆ, ಚೆನ್ನಾಗಿಯೇ ಮಾಡುತ್ತೇನೆ. ನನ್ನ ಹತ್ತಿರ ಬಂಗಾಳದಿಂದ, ಒಡಿಶಾದಿಂದ ಬಂದ ಹುಡುಗರಿದ್ದಾರೆ. ಒಳ್ಳೆಯ ಕೆಲಸಗಾರರು. ಕಲ್ಲಿನ ಬದಲು ಸಿಮೆಂಟಿನ ಬ್ಲಾಕು, ಅದನ್ನು ಮೇಲೆತ್ತಲು ಯಂತ್ರ. ಎಲ್ಲರ ಕಿವಿಯಲ್ಲೂ ಒಂದೊಂದು ವಯರು, ಒಬ್ಬೊಬ್ಬನಿಗೂ ಅವನವನ ಹಾಡು. ಹತ್ತು ಜನ ಒಂದೇ ಗೋಡೆಗೆ ನಿಂತಿದ್ದರೂ ನನ್ನ ಸೈಟು ನಿಶ್ಶಬ್ದ. ಕೆಲಸ ಬೇಗ ಆಗುತ್ತದೆ, ಸೊಟ್ಟವೂ ಆಗುವುದಿಲ್ಲ. ಕಲ್ಲು ದಾಟಿಸುವಾಗಿನ ಆ ಕೂಗು ಮಾತ್ರ ಈಗ ಇಡೀ ತಾಲೂಕಿನಲ್ಲಿ ಎಲ್ಲೂ ಕೇಳುವುದಿಲ್ಲ. ನನ್ನ ಹುಡುಗರಿಗೆ ಅದನ್ನು ಹೇಳಿಕೊಡಲು ಒಮ್ಮೆ ನೋಡಿದೆ. ಅವರು ಮರ್ಯಾದೆಗೆ ನಕ್ಕರು.

ಮೂಸಾಕ ಹೋದರು, ಅಪ್ಪನೂ ಹೋದ. ಹೆದ್ದಾರಿ ಅಗಲ ಮಾಡುವಾಗ ಮೊಗ್ರಾಲಿನ ಆ ಗೋಡೆಯೂ ಹೋಗುತ್ತದೆ ಎಂದು ಗೊತ್ತಾಗಿ ಅಮ್ಮ, ನೋಡಬೇಕು, ಕರೆದುಕೊಂಡು ಹೋಗು ಎಂದಳು. ರಸ್ತೆಯ ಆಚೆ ಬದಿಯಲ್ಲಿ ಕೊಡೆ ಹಿಡಿದು ನಿಂತೆವು. ಜೇಸಿಬಿ ಅಪ್ಪನ ತುದಿಯಿಂದ ಕೆಡವುತ್ತಾ ಬಂತು. ತೆಂಗಿನ ಮರ ಯಾವಾಗಲೋ ಹೋಗಿತ್ತು, ಆದರೂ ಅದು ಎಲ್ಲಿತ್ತೆಂದು ನಮ್ಮಿಬ್ಬರಿಗೂ ಗೊತ್ತು. ಅಲ್ಲಿಗೆ ಬಂದ ಮೇಲೆ ಯಂತ್ರ ಒಮ್ಮೆ ಹಿಂದೆ ಸರಿದು, ಕೈ ಎತ್ತಿ, ಎರಡು ಮೂರು ಸಲ ಗುದ್ದಿತು. ಕೆಂಪು ಧೂಳು ಎದ್ದು ರಸ್ತೆಯನ್ನು ದಾಟಿ ನಮ್ಮ ಮೇಲೆ ಬಂದು ಬಿತ್ತು.

“ನೋಡಿದೆಯಾ?” ಎಂದಳು ಅಮ್ಮ. “ನನ್ನ ಬದಿ ಬೀಳಲಿಕ್ಕೆ ಹೆಚ್ಚು ಹೊತ್ತು ಹಿಡಿಯಿತು.”

ಹಾಗೆ ಹೇಳಿ ಉತ್ತರಕ್ಕೆಂಬಂತೆ ಇನ್ನೊಂದು ಪಕ್ಕಕ್ಕೆ ತಿರುಗಿದಳು. ಅಲ್ಲ ಎಂದು ಜಗಳಕ್ಕೆ ಬರಲು ಅಲ್ಲಿ ಯಾರೂ ಇರಲಿಲ್ಲ.